ಗುಂಪು ಕಟ್ಟಿ ಅಂಗಡಿ ದೋಚುವವರು: ಬೀಗ ಬೀಳಬೇಕಾದ್ದು ಶೆಲ್ಫಿಗಾ, ಕದ್ದ ಮಾಲಿನ ವ್ಯಾಪಾರಕ್ಕಾ?

ಸ್ಟಾಕ್‌ಲೆಕ್ಕ

ದೊಡ್ಡ ಸ್ಟೋರ್‌ಗಳಲ್ಲಿ ಸ್ಟಾಕ್ ಆಡಿಟ್ ಮಾಡುವುದು ನನ್ನ ಕೆಲಸ. ಅಂಗಡಿ ಕಳ್ಳತನದ ವಿಡಿಯೊ ಒಂದು ಓಡಾಡಿದರೆ ಸಾಕು, ಮಾತು ಎರಡೇ ದಾರಿ ಹಿಡಿಯುತ್ತದೆ. "ಹಿಡಿದು ಒಳಗೆ ಹಾಕಿ" ಅನ್ನುವವರು ಒಂದು ಕಡೆ. "ಪಾಪ, ಹೊಟ್ಟೆಪಾಡು, ಬಿಟ್ಟುಬಿಡಿ" ಅನ್ನುವವರು ಇನ್ನೊಂದು ಕಡೆ. ಗುಂಪು ಕಟ್ಟಿಕೊಂಡು ಮಾಡುವ ಕಳ್ಳತನಕ್ಕೆ ಈ ಎರಡೂ ಹೊಂದುವುದಿಲ್ಲ. ಅದಕ್ಕೇ ಸ್ವಲ್ಪ ಬಿಡಿಸಿ ಬರೆಯುತ್ತಿದ್ದೇನೆ.

ಹಸಿವಿಗೆ ಒಂದು ಪೊಟ್ಟಣ ಜೇಬಿಗಿಳಿಸುವವನು ಬೇರೆ. ಒಂದು ಕೊಕ್ಕೆಯಲ್ಲಿ ನೇತುಹಾಕಿದ ಶೇವಿಂಗ್ ಬ್ಲೇಡ್ ಪ್ಯಾಕೆಟ್‌ಗಳನ್ನೆಲ್ಲ ಒಂದೇ ಸಲಕ್ಕೆ ಬಾಚಿ ಚೀಲಕ್ಕೆ ಸುರಿದುಕೊಳ್ಳುವವನು ಬೇರೆ. ಅಷ್ಟು ಬ್ಲೇಡ್ ಒಬ್ಬ ಮನುಷ್ಯನಿಗೆ ಯಾಕೆ ಬೇಕು? ಅವನು ಅಂಗಡಿಗೆ ಕಾಲಿಡುವ ಮೊದಲೇ ಆ ಮಾಲಿಗೆ ಗಿರಾಕಿ ಸಿದ್ಧ ಇರುತ್ತಾನೆ. ಯಾವ ಬ್ರ್ಯಾಂಡ್, ಯಾವ ಸೈಜ್ ಅಂತ ಪಟ್ಟಿ ಕೂಡ ಕೊಟ್ಟಿರುತ್ತಾನೆ.

ಕೆಳಗಿನ ಮೆಟ್ಟಿಲಲ್ಲಿ ಕದಿಯುವವರು. ಅವರಲ್ಲಿ ಎಷ್ಟೋ ಜನ ಸಾಲದಲ್ಲೋ ಚಟದಲ್ಲೋ ಮುಳುಗಿದವರು. ಅವರಿಂದ ಅರ್ಧಕ್ಕಿಂತ ಕಡಿಮೆ ಬೆಲೆಗೆ ಮಾಲು ಕೊಳ್ಳುವವನು ಎರಡನೇ ಮೆಟ್ಟಿಲು. ಅದರ ಮೇಲೆ ಸ್ಟಿಕ್ಕರ್, ಟ್ಯಾಗ್ ಕಿತ್ತು ಹೊಸದಾಗಿ ಪ್ಯಾಕ್ ಮಾಡುವ ಗೋದಾಮು. ಕೊನೆಗೆ ಆನ್‌ಲೈನ್ ಮಳಿಗೆ, ಇಲ್ಲವೇ ಯಾವುದೋ ಹೋಲ್‌ಸೇಲ್ ವ್ಯಾಪಾರಿ. ಮೇಲೆ ಹೋದಷ್ಟೂ ದುಡ್ಡು ಜಾಸ್ತಿ, ಸಿಕ್ಕಿಬೀಳುವ ಭಯ ಕಡಿಮೆ. ಸಿಸಿಟಿವಿಯಲ್ಲಿ ಮುಖ ಕಾಣುವುದು ಮಾತ್ರ ಯಾವಾಗಲೂ ಕೆಳಗಿನ ಮೆಟ್ಟಿಲಿನವನದು.

2024ರ ಫೆಬ್ರವರಿಯಲ್ಲಿ ಕ್ಯಾಲಿಫೋರ್ನಿಯಾದ ಅಟಾರ್ನಿ ಜನರಲ್ ಒಂದು ಪ್ರಕರಣ ಬಯಲಿಗೆ ತಂದರು. ಸ್ಯಾನ್ ಡಿಯಾಗೊ ಕೌಂಟಿಯ ಒಂದು ಮನೆಯಿಂದ ಇಡೀ ಜಾಲ ನಡೆಯುತ್ತಿತ್ತು. ಹುಡುಗಿಯರನ್ನು ನೇಮಿಸಿಕೊಂಡು, ವಿಮಾನದ ಟಿಕೆಟ್ ಕೊಡಿಸಿ, ಬೇರೆ ಬೇರೆ ರಾಜ್ಯಗಳ ಸೌಂದರ್ಯ ಸಾಮಗ್ರಿ ಮಳಿಗೆಗಳಿಗೆ ಕಳಿಸುತ್ತಿದ್ದರು. ಕದ್ದು ತಂದ ಮೇಕಪ್ ಸಾಮಾನು ಮನೆಯ ಗ್ಯಾರೇಜಿನಲ್ಲಿ ಶೆಲ್ಫ್ ತುಂಬಾ ಇತ್ತು. ಅಲ್ಲಿಂದ ಅಮೆಜಾನ್‌ನಲ್ಲಿದ್ದ ಸ್ವಂತ ಮಳಿಗೆಯ ಮೂಲಕ ಮಾರಾಟ. ವ್ಯವಹಾರ ಸುಮಾರು 80 ಲಕ್ಷ ಡಾಲರ್ ಅಂದರು. ಆ ಹುಡುಗಿಯರಲ್ಲಿ ಒಬ್ಬಳನ್ನು ಬಾಗಿಲಲ್ಲಿ ಹಿಡಿದಿದ್ದರೆ ಏನಾಗುತ್ತಿತ್ತು? ಇನ್ನೊಬ್ಬಳು ಬರುತ್ತಿದ್ದಳು, ಅಷ್ಟೇ. ಗ್ಯಾರೇಜ್ ಸಿಕ್ಕಿದ ಮೇಲೆ ವ್ಯವಹಾರ ನಿಂತಿತು.

ನನ್ನ ವಾದ ಇಷ್ಟು. ಅಂಗಡಿಗಳು ದುಡ್ಡು, ತಲೆ ಎರಡನ್ನೂ ಶೆಲ್ಫಿನ ಮೇಲೆ ಜಾಸ್ತಿ ಖರ್ಚು ಮಾಡುತ್ತಿವೆ. ಕದ್ದ ಮಾಲು ಎಲ್ಲಿ ಮಾರಾಟವಾಗುತ್ತದೆ ಅನ್ನುವುದರ ಮೇಲೆ ಕಡಿಮೆ. ನೀವೇನಂತೀರಿ?

ಬಿಲ್‌ಕೌಂಟರ್

ನೀವು ಹೇಳಿದ್ದು ಸರಿ ಸರ್. ಆದರೆ ಕೌಂಟರ್‌ನಲ್ಲಿ ನಿಂತವರ ಪಾಡನ್ನೂ ಹೇಳಬೇಕು.

ನಾನು ಕೆಲಸ ಮಾಡಿದ ಸ್ಟೋರ್‌ನಲ್ಲಿ ಮೊದಲ ದಿನವೇ ಹೇಳಿಕೊಟ್ಟ ಪಾಠ: ಯಾರ ಹಿಂದೆಯೂ ಓಡಬೇಡ, ಯಾರ ಕೈಯನ್ನೂ ಹಿಡಿಯಬೇಡ, ಬಾಗಿಲಿಗೆ ಅಡ್ಡ ನಿಲ್ಲಬೇಡ. ಆಗ ಅದು ನನಗೆ ಅವಮಾನ ಅನ್ನಿಸಿತ್ತು. ಕಣ್ಣೆದುರೇ ಒಬ್ಬ ಚೀಲ ತುಂಬಿಕೊಂಡು ಹೋಗುತ್ತಾನೆ, ನಾವು ಸುಮ್ನೆ ನಿಂತು ನೋಡಬೇಕು. ಗಿರಾಕಿಗಳು ನಮ್ಮನ್ನೇ ದುರುಗುಟ್ಟಿ ನೋಡುತ್ತಾರೆ, ನಾವೂ ಅವನ ಜೊತೆ ಸೇರಿಕೊಂಡವರೇನೋ ಅನ್ನುವ ಹಾಗೆ. ಆ ಉರಿ ಮನೆಗೆ ಹೋದರೂ ಆರುವುದಿಲ್ಲ.

ಆದರೂ ಆ ನಿಯಮ ಸರಿ ಅಂತಲೇ ಹೇಳುತ್ತೇನೆ. ಗುಂಪಾಗಿ ಬಂದವರಲ್ಲಿ ಯಾರ ಜೇಬಿನಲ್ಲಿ ಏನಿದೆ ಗೊತ್ತಿರುವುದಿಲ್ಲ. ಒಂದು ಜಾಕೆಟ್‌ಗೋಸ್ಕರ ಯಾರೂ ಪ್ರಾಣ ಕೊಡಬೇಕಾಗಿಲ್ಲ. 2023ರಲ್ಲಿ ಅಮೆರಿಕದ ಜಾರ್ಜಿಯಾದಲ್ಲಿ ಲುಲುಲೆಮನ್ ಅಂಗಡಿಯ ಇಬ್ಬರು ನೌಕರರು ಕಳ್ಳರನ್ನು ತಡೆಯಲು ಹೋಗಿ ಕೆಲಸವನ್ನೇ ಕಳೆದುಕೊಂಡರು. ಹೋದರೆ ಹೋಗಲಿ, ಅದು ಬರೀ ಸಾಮಾನು ಅನ್ನುವ ಅರ್ಥದಲ್ಲಿ ಕಂಪನಿಯ ಮುಖ್ಯಸ್ಥರು ಸಮರ್ಥಿಸಿಕೊಂಡರು. ನಿಯಮ ಒಪ್ಪುತ್ತೇನೆ. ಆದರೆ ಹೆದರಿದ ನೌಕರರನ್ನು ಕೆಲಸದಿಂದ ತೆಗೆದದ್ದನ್ನು ಒಪ್ಪುವುದಿಲ್ಲ. ಆ ಗಾಬರಿಯಲ್ಲಿ ಮನುಷ್ಯ ಏನು ಮಾಡುತ್ತಾನೆ ಅಂತ ಕಚೇರಿಯಲ್ಲಿ ಕೂತವರಿಗೆ ಗೊತ್ತಾಗುವುದಿಲ್ಲ.

ಇನ್ನೊಂದು ಮಾತು. ಅತಿ ಕಡಿಮೆ ಖರ್ಚಿನ ತಡೆ ಯಾವುದು ಗೊತ್ತಾ? ಹತ್ತಿರ ಹೋಗಿ, ಕಣ್ಣಲ್ಲಿ ಕಣ್ಣಿಟ್ಟು, "ಏನು ಹುಡುಕ್ತಾ ಇದ್ದೀರಿ, ನಾನು ತೋರಿಸಲಾ?" ಅಂತ ನಗುತ್ತಾ ಕೇಳುವುದು. ಕೊಳ್ಳಲು ಬಂದವರಿಗೆ ಖುಷಿಯಾಗುತ್ತದೆ. ಕದಿಯಲು ಬಂದವನಿಗೆ ತನ್ನನ್ನು ಯಾರೋ ಗಮನಿಸಿದರು ಅಂತ ಗೊತ್ತಾಗುತ್ತದೆ. ಬ್ಯಾಸ್ಕೆಟ್ ಅಲ್ಲೇ ಇಟ್ಟು ಹೊರಗೆ ಹೋದವರನ್ನು ನಾನು ಎಷ್ಟೋ ಸಲ ನೋಡಿದ್ದೇನೆ. ಆದರೆ ಹಾಗೆ ಕೇಳಲು ಫ್ಲೋರ್‌ನಲ್ಲಿ ಜನ ಇರಬೇಕಲ್ಲ! ಸಂಬಳ ಉಳಿಸಲು ಜನರನ್ನು ಕಡಿಮೆ ಮಾಡಿದರು, ಗಿರಾಕಿಯೇ ಬಿಲ್ ಮಾಡಿಕೊಳ್ಳುವ ಸೆಲ್ಫ್ ಚೆಕ್‌ಔಟ್ ತಂದರು. ಆಮೇಲೆ ಕಳ್ಳತನ ಹೆಚ್ಚಿತು ಅಂತ ಗೋಳಾಡಿದರೆ ಹೇಗೆ?

ಓದುಗ

ಇದು ನಿಜಕ್ಕೂ ಎಷ್ಟು ದೊಡ್ಡದು? ಒಬ್ಬರು ಸಾವಿರಾರು ಕೋಟಿ ಅಂತಾರೆ, ಇನ್ನೊಬ್ಬರು ಎಲ್ಲ ಉತ್ಪ್ರೇಕ್ಷೆ ಅಂತಾರೆ. ಯಾರನ್ನು ನಂಬಬೇಕು?

ಸ್ಟಾಕ್‌ಲೆಕ್ಕ

@ಓದುಗ, ಈ ಪ್ರಶ್ನೆ ಕೇಳಿದ್ದು ಒಳ್ಳೆಯದಾಯಿತು. ಇಲ್ಲೇ ಎಲ್ಲರೂ ಎಡವುವುದು.

ಪುಸ್ತಕದಲ್ಲಿ ಇರಬೇಕಾದ ಸ್ಟಾಕ್‌ಗೂ ಎಣಿಸಿದಾಗ ಸಿಗುವ ಸ್ಟಾಕ್‌ಗೂ ಇರುವ ವ್ಯತ್ಯಾಸವನ್ನು ಶ್ರಿಂಕೇಜ್ ಅನ್ನುತ್ತೇವೆ. ಅದೆಲ್ಲ ಕಳ್ಳತನ ಅಲ್ಲ. ಒಡೆದದ್ದು, ಅವಧಿ ಮುಗಿದದ್ದು ಬರೆದುಕೊಳ್ಳದೆ ಬಿಟ್ಟದ್ದು, ಲಾರಿಯಿಂದ ಹತ್ತು ಬಾಕ್ಸ್ ಇಳಿಸಿ ಹನ್ನೆರಡು ಅಂತ ಎಂಟ್ರಿ ಮಾಡಿದ್ದು, ಒಳಗಿನವರೇ ಎತ್ತಿದ್ದು, ಎಲ್ಲ ಅದರಲ್ಲೇ ಸೇರುತ್ತದೆ. ಅಮೆರಿಕದ ಅಂಗಡಿ ಕಂಪನಿಗಳ ಒಕ್ಕೂಟವಾದ ನ್ಯಾಷನಲ್ ರಿಟೇಲ್ ಫೆಡರೇಷನ್‌ನ ಸಮೀಕ್ಷೆಯ ಪ್ರಕಾರ 2022ರಲ್ಲಿ ಶ್ರಿಂಕೇಜ್ ಸರಾಸರಿ ಮಾರಾಟದ ಶೇ. 1.6. ದುಡ್ಡಿನಲ್ಲಿ ಅದು 11,210 ಕೋಟಿ ಡಾಲರ್. ಅದರಲ್ಲಿ ಹೊರಗಿನವರ ಕಳ್ಳತನ ಶೇ. 36, ಒಳಗಿನವರದು ಶೇ. 29, ಲೆಕ್ಕದ ಮತ್ತು ವ್ಯವಸ್ಥೆಯ ತಪ್ಪುಗಳು ಶೇ. 27. ನೋಡಿ, ಒಳಗಿನವರದೂ ಬರವಣಿಗೆಯ ತಪ್ಪೂ ಸೇರಿದರೆ ಅರ್ಧಕ್ಕಿಂತ ಜಾಸ್ತಿ.

ಇದೇ ಫೆಡರೇಷನ್ 2023ರ ಏಪ್ರಿಲ್‌ನಲ್ಲಿ ಒಂದು ವರದಿ ತಂದಿತ್ತು. 2021ರ 9,450 ಕೋಟಿ ಡಾಲರ್ ನಷ್ಟದಲ್ಲಿ ಹತ್ತಿರ ಹತ್ತಿರ ಅರ್ಧ ಸಂಘಟಿತ ಕಳ್ಳತನದಿಂದ ಅಂತ ಅದರಲ್ಲಿತ್ತು. ಆಮೇಲೆ ಬೆನ್ನುಹತ್ತಿ ನೋಡಿದರೆ, ಆ ಅರ್ಧದ ಅಂಕಿ ಬಂದಿದ್ದು ಹಲವು ವರ್ಷ ಹಿಂದಿನ ಒಟ್ಟು ಶ್ರಿಂಕೇಜ್ ಲೆಕ್ಕದಿಂದ. ಆಗಿನ ಎಲ್ಲ ಬಗೆಯ ನಷ್ಟವನ್ನು ಯಾರೋ ಸಂಘಟಿತ ಕಳ್ಳತನದ ಲೆಕ್ಕ ಅಂತ ಹೇಳಿದ್ದರು, ಅದೇ ಮಾತು ಕೈಯಿಂದ ಕೈಗೆ ದಾಟಿ ವರದಿಗೆ ಬಂದಿತ್ತು. ಡಿಸೆಂಬರ್‌ನಲ್ಲಿ ಫೆಡರೇಷನ್ ಆ ಮಾತನ್ನು ವಾಪಸ್ ತೆಗೆದುಕೊಂಡಿತು. ಅಮೆರಿಕದ ವಾಲ್‌ಗ್ರೀನ್ಸ್ ಔಷಧ ಅಂಗಡಿಗಳ ಕಥೆಯೂ ಹಾಗೇ. 2021ರಲ್ಲಿ ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಐದು ಅಂಗಡಿ ಮುಚ್ಚುವಾಗ ಸಂಘಟಿತ ಕಳ್ಳತನವೇ ಕಾರಣ ಅಂದರು. 2023ರ ಜನವರಿಯಲ್ಲಿ ಅದೇ ಕಂಪನಿಯ ಹಣಕಾಸು ಮುಖ್ಯಸ್ಥರು, ಬಹುಶಃ ನಾವು ಜಾಸ್ತಿಯೇ ಗೋಳಾಡಿದೆವು ಅಂತ ಹೂಡಿಕೆದಾರರ ಮುಂದೆ ಒಪ್ಪಿಕೊಂಡರು.

ಹಾಗಂತ ಸಮಸ್ಯೆಯೇ ಇಲ್ಲ ಅನ್ನುವುದೂ ತಪ್ಪು. ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಪೊಲೀಸರು ದಾಖಲಿಸಿದ ಅಂಗಡಿ ಕಳ್ಳತನಗಳು 2024ರಲ್ಲಿ 5 ಲಕ್ಷ ದಾಟಿದವು. ಅಲ್ಲಿನ ಬ್ರಿಟಿಷ್ ರಿಟೇಲ್ ಕನ್ಸಾರ್ಟಿಯಂ 2023-24ರ ಕಳ್ಳತನದ ನಷ್ಟವನ್ನು 220 ಕೋಟಿ ಪೌಂಡ್ ಅಂತ ಅಂದಾಜು ಮಾಡಿತು. ಇದರಲ್ಲಿ ಒಂಟಿ ಕಳ್ಳರೆಷ್ಟು, ಜಾಲದವರೆಷ್ಟು ಅಂತ ಬಿಡಿಸುವುದು ಕಷ್ಟ. ಪೊಲೀಸರ ಪುಸ್ತಕದಲ್ಲಿ ಇಬ್ಬರಿಗೂ ಒಂದೇ ಕಾಲಂ. ಅಂಕಿ ಹೇಳುವವರು ಈ ಗೆರೆಯನ್ನು ನೆನಪಿಟ್ಟುಕೊಳ್ಳಬೇಕು. ತಪ್ಪು ಅಂಕಿ ತೋರಿಸಿ ಕಾನೂನು ಕೇಳಿದರೆ, ನಾಳೆ ನಿಜ ಹೇಳಿದಾಗಲೂ ಜನ ನಂಬುವುದಿಲ್ಲ.

ಗ್ರಾಹಕಿ

ನನಗೆ ಕೋಪ ಬರುವುದು ಗಾಜಿನ ಕಪಾಟು ನೋಡಿದಾಗ. ಟೂತ್‌ಪೇಸ್ಟ್‌ಗೂ ಬೀಗ! ಗುಂಡಿ ಒತ್ತಿ ಕಾಯಬೇಕು. ಯಾರೋ ಕೀಲಿ ಗೊಂಚಲು ಹಿಡಿದು ಬರುತ್ತಾರೆ. ಅವರು ಪಕ್ಕದಲ್ಲೇ ನಿಂತಿರುವಾಗ ಎರಡು ಬ್ರ್ಯಾಂಡ್ ಹೋಲಿಸಿ ನೋಡಲೂ ಸಂಕೋಚ. ಸ್ಯಾನಿಟರಿ ಪ್ಯಾಡೋ ಗರ್ಭಪರೀಕ್ಷೆಯ ಕಿಟ್ಟೋ ಬೇಕಾದ ಹುಡುಗಿಯ ಪಾಡು ಯೋಚಿಸಿ. ಎಷ್ಟೋ ಸಲ ನಾನು ಕೊಳ್ಳದೆ ಹೊರಟುಬಂದಿದ್ದೇನೆ.

ಯಾರೋ ಕದ್ದದ್ದಕ್ಕೆ ನನ್ನನ್ನು ಯಾಕೆ ಕಳ್ಳಿಯ ಹಾಗೆ ನೋಡಬೇಕು?

ಸ್ಟಾಕ್‌ಲೆಕ್ಕ

ಮೇಡಂ, ನಿಮ್ಮ ಅನುಭವವನ್ನು ಕಂಪನಿಗಳೇ ಒಪ್ಪಿಕೊಂಡಿವೆ. ಬೀಗ ಹಾಕಿದ ಸಾಮಾನು ಮೊದಲಿನಷ್ಟು ಮಾರಾಟವಾಗುವುದಿಲ್ಲ ಅಂತ ವಾಲ್‌ಗ್ರೀನ್ಸ್ ಸಿಇಒ 2025ರ ಜನವರಿಯಲ್ಲಿ ನೇರವಾಗಿ ಹೇಳಿದರು. ಕಪಾಟಿನ ಖರ್ಚು, ಕೀಲಿ ಹಿಡಿದು ಓಡಾಡುವವರ ಸಮಯ, ಕೈತಪ್ಪಿದ ಮಾರಾಟ, ಮೂರನ್ನೂ ಕೂಡಿಸಿ ನೋಡದೆ ಬರೀ ಕಳ್ಳತನ ಇಳಿಯಿತು ಅಂತ ವರದಿ ಬರೆಯುವ ಮ್ಯಾನೇಜರ್‌ಗಳನ್ನು ನಾನು ತುಂಬಾ ಕಂಡಿದ್ದೇನೆ.

ಯಾವುದಕ್ಕೆ ಬೀಗ, ಯಾವುದಕ್ಕೆ ಬೇಡ ಅನ್ನುವುದಕ್ಕೆ ಒಂದು ಒಳ್ಳೆಯ ಅಳತೆ ಇದೆ. ಅಪರಾಧಶಾಸ್ತ್ರಜ್ಞ ರೊನಾಲ್ಡ್ ಕ್ಲಾರ್ಕ್ 1999ರಲ್ಲಿ ಕೊಟ್ಟದ್ದು. ಕಳ್ಳರ ಕಣ್ಣು ಬೀಳುವ ವಸ್ತು ಬಚ್ಚಿಡಲು ಸುಲಭ, ಎತ್ತೊಯ್ಯಲು ಸುಲಭ, ಕೈಗೆ ಸಿಗುವಂಥದ್ದು, ಬೆಲೆ ಇರುವಂಥದ್ದು, ಜನ ಇಷ್ಟಪಡುವಂಥದ್ದು, ಬೇಗ ಮಾರಿ ಕೈತೊಳೆದುಕೊಳ್ಳಬಹುದಾದದ್ದು. ಜಾಲಗಳ ವಿಷಯದಲ್ಲಿ ಈ ಕೊನೆಯದೇ ಎಲ್ಲಕ್ಕಿಂತ ಮುಖ್ಯ ಅಂತ ನನ್ನ ಅಭಿಪ್ರಾಯ. ಬ್ಲೇಡ್, ಮಗುವಿನ ಹಾಲಿನ ಪುಡಿ, ಅಲರ್ಜಿ ಮಾತ್ರೆ, ಬಟ್ಟೆ ಸೋಪು, ಪವರ್ ಟೂಲ್. ಎಲ್ಲರಿಗೂ ಬೇಕಾದ್ದು, ಯಾರು ಮಾರಿದರೂ ಯಾರೂ ಹುಬ್ಬೇರಿಸದಂಥದ್ದು.

ಹಾಲಿನ ಪುಡಿಯ ಡಬ್ಬಿ ಒಂದನ್ನೇ ತೆಗೆದುಕೊಳ್ಳಿ. ಕದ್ದವನು ಅದನ್ನು ಬಿಸಿಲಲ್ಲಿ ನಿಂತ ಕಾರಿನ ಡಿಕ್ಕಿಯಲ್ಲಿ ಇಟ್ಟಿರಬಹುದು. ಗೋದಾಮಿನಲ್ಲಿ ಅದರ ದಿನಾಂಕವನ್ನು ಅಳಿಸಿ ಹೊಸದು ಒತ್ತಿರಬಹುದು. ಅದು ಮತ್ತೆ ಯಾವುದೋ ಅಂಗಡಿಯ ಶೆಲ್ಫಿಗೆ ಬಂದು, ಕೊನೆಗೆ ಒಂದು ಮಗುವಿನ ಬಾಟಲಿಗೆ ಬೀಳುತ್ತದೆ. ದೊಡ್ಡ ಕಂಪನಿಗೆ ವಿಮೆ ಇದೆ, ಹೋದರೆ ಹೋಗಲಿ ಅನ್ನುವವರು ಈ ಡಬ್ಬಿಯ ದಾರಿಯನ್ನು ಒಂದು ಸಲ ಯೋಚಿಸಿ ನೋಡಬೇಕು.

ಕಾನೂನುಕಣ್ಣು

ಕಾನೂನು ಸಡಿಲವಾದದ್ದೇ ಎಲ್ಲಕ್ಕೂ ಕಾರಣ ಅನ್ನುವ ಮಾತು ಹೇಗೂ ಬರುತ್ತದೆ. ಮೊದಲೇ ಎರಡು ವಿಷಯ ಹೇಳಿಬಿಡುತ್ತೇನೆ.

ಕ್ಯಾಲಿಫೋರ್ನಿಯಾ 2014ರಲ್ಲಿ ಪ್ರೊಪೊಸಿಷನ್ 47 ಅನ್ನುವ, ಮತದಾರರೇ ನೇರವಾಗಿ ಮತ ಹಾಕಿ ಒಪ್ಪಿದ ಕಾನೂನು ತಂದಿತು. 950 ಡಾಲರ್‌ವರೆಗಿನ ಅಂಗಡಿ ಕಳ್ಳತನ ಸಣ್ಣ ಅಪರಾಧವಾಯಿತು. ಕದಿಯಲು ಲೈಸೆನ್ಸ್ ಕೊಟ್ಟರು ಅಂತ ಗದ್ದಲ ಎದ್ದಿತು. ಆದರೆ ಟೆಕ್ಸಾಸ್‌ನಲ್ಲಿ ಆ ಮಿತಿ 2,500 ಡಾಲರ್! ಟೆಕ್ಸಾಸ್ ಕಳ್ಳರನ್ನು ಮುದ್ದು ಮಾಡುತ್ತದೆ ಅಂತ ಯಾರೂ ಹೇಳುವುದಿಲ್ಲ. ಹಾಗಾಗಿ ಬರೀ ಮಿತಿಯ ಅಂಕಿ ಹಿಡಿದು ವಾದ ಮಾಡುವುದು ಸರಿಯಲ್ಲ. ನಿಜವಾದ ತೊಂದರೆ ಇದ್ದದ್ದು ಬೇರೆ ಕಡೆ. ಒಬ್ಬನೇ ಹತ್ತು ಅಂಗಡಿಯಲ್ಲಿ ಮಿತಿಯೊಳಗೇ ಕದ್ದರೆ ಅವು ಹತ್ತು ಬಿಡಿ ಸಣ್ಣ ಕೇಸುಗಳಾಗಿ ಹರಿದು ಹಂಚಿಹೋಗುತ್ತಿದ್ದವು. 2024ರ ನವೆಂಬರ್‌ನಲ್ಲಿ ಮತದಾರರು ಪ್ರೊಪೊಸಿಷನ್ 36ಕ್ಕೆ ದೊಡ್ಡ ಬಹುಮತ ಕೊಟ್ಟರು. ಬೇರೆ ಬೇರೆ ಕಳ್ಳತನಗಳ ಮೊತ್ತ ಕೂಡಿಸಲು, ಹಿಂದೆ ಎರಡು ಸಲ ಶಿಕ್ಷೆಯಾದವನ ಮೇಲೆ ದೊಡ್ಡ ಕೇಸು ಹಾಕಲು ಅದು ದಾರಿ ಮಾಡಿತು.

ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ 2014ರ ಕಾಯ್ದೆ 200 ಪೌಂಡ್‌ವರೆಗಿನ ಕಳ್ಳತನವನ್ನು ಕೆಳಗಿನ ಕೋರ್ಟಿನ ಪುಟ್ಟ ಪ್ರಕರಣ ಮಾಡಿತ್ತು. ಅದರಿಂದ ಪೊಲೀಸರು ಬರುವುದೇ ಇಲ್ಲ ಅನ್ನುವುದು ಅಂಗಡಿಯವರ ದೂರು. 2025ರಲ್ಲಿ ಪಾರ್ಲಿಮೆಂಟಿಗೆ ಬಂದ ಮಸೂದೆಯಲ್ಲಿ ಆ ಮಿತಿ ತೆಗೆಯುವ ಪ್ರಸ್ತಾಪ ಇತ್ತು, ಅಂಗಡಿ ನೌಕರರ ಮೇಲಿನ ಹಲ್ಲೆಯನ್ನು ಪ್ರತ್ಯೇಕ ಅಪರಾಧ ಮಾಡುವುದೂ ಸೇರಿತ್ತು. ಸ್ಕಾಟ್ಲೆಂಡ್ ಈ ಎರಡನೆಯದನ್ನು 2021ರಲ್ಲೇ ಮಾಡಿ ಮುಗಿಸಿತ್ತು. @ಬಿಲ್‌ಕೌಂಟರ್ ಅವರ ನೋವಿಗೆ ಕಾನೂನಿನಲ್ಲಿ ಜಾಗ ಸಿಕ್ಕಿದ್ದು ಅಲ್ಲಿ.

ಶಿಕ್ಷೆ ಎಷ್ಟು ಕಠಿಣ ಅನ್ನುವುದಕ್ಕಿಂತ ಸಿಕ್ಕಿಬೀಳುತ್ತೇನೆ ಅನ್ನುವ ಖಾತ್ರಿ ಕಳ್ಳನನ್ನು ಜಾಸ್ತಿ ತಡೆಯುತ್ತದೆ. ಅಪರಾಧಶಾಸ್ತ್ರದಲ್ಲಿ ಬಹಳ ಕಾಲದಿಂದ ಒಪ್ಪಿಕೊಂಡು ಬಂದ ಮಾತು ಇದು.

ಹಗಲುಪಾಳಿ

ಎಲ್ಲರೂ ದೊಡ್ಡ ಕಂಪನಿಗಳ ಮಾತೇ ಆಡುತ್ತಿದ್ದೀರಿ. ಒಂದೇ ಅಂಗಡಿ ನಂಬಿಕೊಂಡ ಮನೆಯವರ ಗತಿ ಏನು? ಅವರಿಗೆ ಜಾಲದ ಬೆನ್ನುಹತ್ತುವ ತನಿಖಾ ತಂಡ ಇಲ್ಲ. ಆನ್‌ಲೈನ್ ಮಾರಾಟ ಹುಡುಕುತ್ತಾ ಕೂರಲು ಪುರುಸೊತ್ತಿಲ್ಲ. ಇವತ್ತು ಶೆಲ್ಫ್ ಖಾಲಿ ಮಾಡಿಕೊಂಡು ಹೋದರೆ ನಾಳೆ ಮಾಲು ತುಂಬಿಸಲು ಸಾಲ ಮಾಡಬೇಕು. ಅವರು ಬೀಗ ಹಾಕದೆ ಇನ್ನೇನು ಮಾಡುತ್ತಾರೆ? ಮುಖ ಗುರುತು ಹಿಡಿಯುವ ಕ್ಯಾಮೆರಾ ಹಾಕಿಸಿದರೆ ಮತ್ತೆ ಬಂದವನನ್ನು ಬಾಗಿಲಲ್ಲೇ ತಡೆಯಬಹುದು. ಅದಕ್ಕೂ ನಿಮ್ಮ ತಕರಾರು ಇದೆಯಾ?

ಗ್ರಾಹಕಿ

ನನಗಂತೂ ಇದೆ. ಅಮೆರಿಕದ ರೈಟ್ ಏಡ್ ಔಷಧ ಅಂಗಡಿಗಳು ಇಂಥದ್ದೇ ಕ್ಯಾಮೆರಾ ಹಾಕಿಸಿದ್ದವು. ಅದು ತಪ್ಪು ಮುಖಗಳನ್ನು ತೋರಿಸುತ್ತಿತ್ತು. ಒಂದು ಕಡೆ 11 ವರ್ಷದ ಹುಡುಗಿಯನ್ನು ನಿಲ್ಲಿಸಿ ತಪಾಸಣೆ ಮಾಡಿದರು. 2023ರ ಡಿಸೆಂಬರ್‌ನಲ್ಲಿ ಅಲ್ಲಿ ಗ್ರಾಹಕರ ಹಿತ ಕಾಯುವ ಸರ್ಕಾರಿ ಸಂಸ್ಥೆಯಾದ ಫೆಡರಲ್ ಟ್ರೇಡ್ ಕಮಿಷನ್, ಆ ಕಂಪನಿ ಐದು ವರ್ಷ ಮುಖ ಗುರುತಿನ ತಂತ್ರ ಬಳಸುವ ಹಾಗಿಲ್ಲ ಅಂತ ಕ್ರಮ ತೆಗೆದುಕೊಂಡಿತು. ಆ ಮಗು ಮತ್ತೆ ಅಂಗಡಿಗೆ ಹೋಗುವಾಗ ಏನನ್ನಿಸಿರಬೇಕು ಹೇಳಿ.

ಬಿಲ್‌ಕೌಂಟರ್

ಕ್ಯಾಮೆರಾ ಕೆಂಪು ದೀಪ ತೋರಿಸಿದ ಮೇಲೆ ಆ ಮನುಷ್ಯನ ಎದುರು ಹೋಗಿ ನಿಲ್ಲಬೇಕಾದವರು ಯಾರು? ನಾವೇ. ಗುರುತು ನಿಜವಾದರೆ ಏಟು ತಿನ್ನುವವರು ನಾವು, ಸುಳ್ಳಾದರೆ ಬೈಸಿಕೊಳ್ಳುವವರೂ ನಾವು.

ಸ್ಟಾಕ್‌ಲೆಕ್ಕ

@ಹಗಲುಪಾಳಿ, ನಿಮ್ಮ ಪ್ರಶ್ನೆಯನ್ನು ತಳ್ಳಿಹಾಕುವುದಿಲ್ಲ. ಸಣ್ಣ ಅಂಗಡಿಯವರು ಆ ಕ್ಷಣಕ್ಕೆ ಏನು ಸಾಧ್ಯವೋ ಅದನ್ನೇ ಮಾಡಬೇಕು. ದುಬಾರಿ ಸಾಮಾನು ಕೌಂಟರ್ ಹಿಂದೆ ಇಡಲಿ. ಹೊರಗಿನ ಶೆಲ್ಫಿನಲ್ಲಿ ಒಂದೆರಡು ಮಾತ್ರ ಇಟ್ಟು ಉಳಿದದ್ದು ಒಳಗಿರಲಿ. ಬಾಗಿಲಿಂದ ದೂರ ಇಡಲಿ. ಆದರೆ ಅವರ ಸಂಕಟಕ್ಕೆ ಮೂಲ ಪರಿಹಾರ ಅವರ ಅಂಗಡಿಯೊಳಗೆ ಇಲ್ಲ, ಅದೇ ನನ್ನ ಕಳಕಳಿ. ಒಂಟಿ ಅಂಗಡಿಯವರ ದೂರು ಒಂಟಿ ಕಾಗದವಾಗಿಯೇ ಉಳಿದುಬಿಡುತ್ತದೆ. ಹತ್ತು ಅಂಗಡಿಯವರು ಒಂದೇ ಗಾಡಿ ನಂಬರ್, ಒಂದೇ ಬಗೆಯ ಮಾಲು, ಒಂದೇ ಹೊತ್ತು ಅಂತ ಜೋಡಿಸಿ ಕೊಟ್ಟರೆ ಆಗ ಅದು ಜಾಲದ ಕೇಸು. ಬ್ರಿಟನ್ನಿನ ಪ್ರಾಜೆಕ್ಟ್ ಪೆಗಾಸಸ್ ಇದನ್ನೇ ಮಾಡಲು ಹೊರಟದ್ದು. ಅಂಗಡಿ ಕಂಪನಿಗಳೇ ದುಡ್ಡು ಹಾಕಿ, ಸಂಘಟಿತ ಕಳ್ಳತನ ನೋಡಿಕೊಳ್ಳುವ ಓಪಲ್ ಎಂಬ ಪೊಲೀಸ್ ತಂಡಕ್ಕೆ ಮಾಹಿತಿ ಒಂದೇ ಕಡೆ ಸೇರುವ ಹಾಗೆ ಮಾಡಿದವು. ಇದರ ಲಾಭ ಸಣ್ಣವರಿಗೂ ಸಿಗಬೇಕಾದರೆ ಅವರ ದೂರಿಗೂ ಅದೇ ಬಾಗಿಲು ತೆರೆದಿರಬೇಕು.

ಮಾರಾಟದ ಕಡೆಯಿಂದ ಹಿಡಿಯುವ ಕೆಲಸವೂ ಶುರುವಾಗಿದೆ. ಅಮೆರಿಕದ ಇನ್ಫಾರ್ಮ್ ಕನ್ಸ್ಯೂಮರ್ಸ್ ಕಾಯ್ದೆ 2023ರ ಜೂನ್ 27ಕ್ಕೆ ಜಾರಿಗೆ ಬಂತು. ಹನ್ನೆರಡು ತಿಂಗಳಲ್ಲಿ 200 ಮಾರಾಟ ಮಾಡಿ, ಅದರಿಂದ 5,000 ಡಾಲರ್ ಗಳಿಸಿದ ಮಾರಾಟಗಾರರ ಬ್ಯಾಂಕ್ ಖಾತೆ, ತೆರಿಗೆ ನಂಬರ್, ಸಂಪರ್ಕದ ವಿವರ ಎಲ್ಲವನ್ನೂ ಆನ್‌ಲೈನ್ ಮಾರುಕಟ್ಟೆಗಳು ಪಡೆದು ಪರಿಶೀಲಿಸಲೇಬೇಕು. ಹೊಸ ಮಾಲಿಗೆ ಮಾತ್ರ ಇದು ಅನ್ವಯ. ವರ್ಷಕ್ಕೆ 20,000 ಡಾಲರ್ ದಾಟಿದವರ ಹೆಸರು, ವಿಳಾಸ ಕೊಳ್ಳುವವರಿಗೂ ಕಾಣಬೇಕು. ಸುಳ್ಳು ಹೆಸರಿನಲ್ಲಿ ಮಳಿಗೆ ತೆರೆಯುತ್ತಿದ್ದವರಿಗೆ ಇದು ನಿಜವಾದ ತಲೆನೋವು. ನನಗೆ ಸಮಾಧಾನ ಕೊಟ್ಟ ಕಾಯ್ದೆ ಇದು. ಯಾಕೆಂದರೆ ಇಲ್ಲಿ ಯಾವ ಗಿರಾಕಿಯನ್ನೂ ಅನುಮಾನದಿಂದ ನೋಡಬೇಕಾಗಿಲ್ಲ, ಯಾವ ನೌಕರನೂ ಬಾಗಿಲಲ್ಲಿ ನಿಲ್ಲಬೇಕಾಗಿಲ್ಲ.

ಇನ್ನೊಂದು ನನಗೆ ತುಂಬಾ ಹಿಡಿಸಿದ್ದು ಅಮೆರಿಕದಲ್ಲಿ ಮನೆ ರಿಪೇರಿ ಸಾಮಾನು ಮಾರುವ ಲೋವ್ಸ್ ಕಂಪನಿ 2022ರ ಕೊನೆಗೆ ತೋರಿಸಿದ ಪ್ರಯೋಗ. ಡ್ರಿಲ್ ಮೆಷಿನ್ ಒಳಗೆ ರೇಡಿಯೊ ಅಲೆಯಿಂದ ಗುರುತು ಹಿಡಿಯುವ ಪುಟ್ಟ ಆರ್‌ಎಫ್‌ಐಡಿ ಚಿಪ್ ಇರುತ್ತದೆ. ಬಿಲ್ ಆದಾಗ ಮಾತ್ರ ಮೆಷಿನ್ ಎಚ್ಚರಗೊಳ್ಳುತ್ತದೆ. ಹಾಗೇ ಎತ್ತಿಕೊಂಡು ಹೋದರೆ ಗುಂಡಿ ಒತ್ತಿದರೂ ತಿರುಗುವುದಿಲ್ಲ. ತಿರುಗದ ಡ್ರಿಲ್ಲನ್ನು ಯಾರು ಕೊಳ್ಳುತ್ತಾರೆ? ಶೆಲ್ಫ್ ತೆರೆದೇ ಇರುತ್ತದೆ, ಗ್ರಾಹಕರು ಕೈಯಲ್ಲಿ ಹಿಡಿದು ನೋಡಬಹುದು. ಬಟ್ಟೆಗೆ ಹಾಕುವ ಇಂಕ್ ಟ್ಯಾಗ್‌ನ ಹಿಂದೆಯೂ ಇದೇ ಯೋಚನೆ, ಕಿತ್ತರೆ ಬಟ್ಟೆಯೇ ಹಾಳು. ಬ್ಲೇಡಿಗೂ ಹಾಲಿನ ಪುಡಿಗೂ ಚಿಪ್ ಹಾಕಿ ನಿಲ್ಲಿಸಲು ಆಗುವುದಿಲ್ಲ, ಒಪ್ಪುತ್ತೇನೆ. ಅಂಥವಕ್ಕೆ ಬ್ಯಾಚ್ ನಂಬರ್ ಹಿಡಿದು, ಯಾವ ಅಂಗಡಿಗೆ ಹೋದ ಡಬ್ಬಿ ಯಾವ ಆನ್‌ಲೈನ್ ಮಳಿಗೆಯಲ್ಲಿ ಬಂತು ಅಂತ ಪತ್ತೆ ಮಾಡುವ ವ್ಯವಸ್ಥೆ ಬೇಕು.

ಹಗಲುಪಾಳಿ

ಮಾಹಿತಿ ಜೋಡಿಸುವ ಮಾತು ಒಪ್ಪಿದೆ. ಆದರೆ ದೂರು ಕೊಟ್ಟು ಸುಸ್ತಾದವರು ಈಗ ದೂರು ಕೊಡುವುದನ್ನೇ ಬಿಟ್ಟಿದ್ದಾರೆ. ಕೊಡದಿದ್ದರೆ ಜೋಡಿಸುವುದೇನು? ಮೊದಲು ಅದು ಸುಲಭ ಆಗಬೇಕು. ಅರ್ಧ ದಿನ ಅಂಗಡಿ ಮುಚ್ಚಿ ಠಾಣೆಯ ಬೆಂಚಿನ ಮೇಲೆ ಕೂರುವ ಹಾಗಿರಬಾರದು. ಅಂಗಡಿಯಿಂದಲೇ ವಿಡಿಯೊ, ಸಾಮಾನಿನ ಪಟ್ಟಿ ಕಳಿಸಿ ದೂರಿನ ನಂಬರ್ ಪಡೆಯುವ ಹಾಗಿದ್ದರೆ ನಾಳೆಯೇ ಎಲ್ಲರೂ ಕೊಡುತ್ತಾರೆ.

ಸ್ಟಾಕ್‌ಲೆಕ್ಕ

ನೂರಕ್ಕೆ ನೂರು ಸರಿ. ಕಳ್ಳತನದ ದಿನವೇ ಸ್ಟಾಕ್ ಎಣಿಸಿ ಬರೆದಿಟ್ಟರೆ ಇನ್ನೂ ಒಳ್ಳೆಯದು. ತಿಂಗಳ ಕೊನೆಗೆ ಎಣಿಸಿದರೆ ಯಾವುದು ಕಳುವಾಯಿತು, ಯಾವುದು ಎಂಟ್ರಿ ತಪ್ಪು ಅಂತ ಯಾರಿಗೂ ಹೇಳಲು ಆಗುವುದಿಲ್ಲ. ಎಷ್ಟೋ ಕೇಸು ಬಿದ್ದುಹೋಗುವುದು ಅಲ್ಲೇ.

ಓದುಗ

ಕೊಳ್ಳುವ ನಮ್ಮಂಥವರಿಗೆ ಒಂದು ಪ್ರಶ್ನೆ. ಆನ್‌ಲೈನ್‌ನಲ್ಲಿ ಕಡಿಮೆ ಬೆಲೆಗೆ ಸಿಕ್ಕಿದರೆ ಆಫರ್ ಇರಬಹುದು ಅಂತ ತಗೊಂಡುಬಿಡುತ್ತೇವೆ. ಕದ್ದ ಮಾಲು ಅಂತ ಗುರುತಿಸುವುದು ಹೇಗೆ?

ಸ್ಟಾಕ್‌ಲೆಕ್ಕ

ಪೂರ್ತಿ ಖಚಿತವಾಗಿ ಹೇಳಲು ಆಗದಿದ್ದರೂ ಗುರುತುಗಳಿವೆ. ಒಬ್ಬನೇ ಮಾರಾಟಗಾರನ ಬಳಿ ಬ್ಲೇಡ್, ಲಿಪ್‌ಸ್ಟಿಕ್, ಅಲರ್ಜಿ ಮಾತ್ರೆ, ಡ್ರಿಲ್ ಮೆಷಿನ್, ಒಂದಕ್ಕೊಂದು ಸಂಬಂಧ ಇಲ್ಲದ ಸಾಮಾನು ರಾಶಿ ಇದ್ದರೆ ಯೋಚಿಸಿ. ಎಲ್ಲವೂ ಸೀಲ್ ಒಡೆಯದ ಹೊಸದು, ಆದರೆ ಬೆಲೆ ಹೋಲ್‌ಸೇಲ್‌ಗಿಂತಲೂ ಕಡಿಮೆ ಇದ್ದರೆ ಆ ಮಾಲು ನ್ಯಾಯವಾಗಿ ಬಂದದ್ದು ಅಂತ ನಾನು ನಂಬುವುದಿಲ್ಲ. ಬಿಲ್ ಕೇಳಿ, ವಾರಂಟಿ ಕೇಳಿ. ಎರಡಕ್ಕೂ ಹಾರಿಕೆಯ ಉತ್ತರ ಬಂದರೆ ಬಿಟ್ಟುಬಿಡಿ. ಮನೆಗೆ ಬಂದ ಪೊಟ್ಟಣದ ಮೇಲೆ ಅಂಟಿನ ಕಲೆ, ಕೆರೆದ ಬಾರ್‌ಕೋಡ್, ಒರಟಾಗಿ ಒತ್ತಿದ ದಿನಾಂಕ ಕಂಡರೆ ಫೋಟೊ ತೆಗೆದು ಮಾರುಕಟ್ಟೆಯವರಿಗೂ ತಯಾರಿಸಿದ ಕಂಪನಿಗೂ ಕಳಿಸಿ. ಬ್ಯಾಚ್ ನಂಬರ್ ಸ್ಪಷ್ಟವಾಗಿ ಕಾಣುವ ಹಾಗೆ ತೆಗೆಯಿರಿ, ಅದೇ ಮುಖ್ಯ. ಮಗುವಿನ ಆಹಾರ ಮತ್ತು ಔಷಧಿಯನ್ನು ಮಾತ್ರ ಗುರುತಿಲ್ಲದವರ ಹತ್ತಿರ ಎಷ್ಟೇ ಅಗ್ಗವಾದರೂ ಕೊಳ್ಳಬೇಡಿ.